ಗಡಿಗೆ ರಸ್ತೆ ಬಂತು, ಗಡಿಯವರ ಮಾತು ಎಲ್ಲಿ?

(ಯುವಕರ ಸಭೆಯೊಂದರಲ್ಲಿ ಹುಬ್ಬಳ್ಳಿಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮಷಿನ್ ಮುಂದೆ ನಿಂತವನು. ಅಂದು ಅಚ್ಚುಮೊಳೆ ಜೋಡಿಸಿ ಕೈ ಕಪ್ಪು ಮಾಡಿಕೊಂಡೆ. ಇಂದು ಆಫ್‌ಸೆಟ್ ಇಟ್ಟುಕೊಂಡು ಮದುವೆ ಕಾರ್ಡು, ಕರಪತ್ರ, ಬಿಲ್ ಬುಕ್ ಹೊಡೆದುಕೊಡುತ್ತೇನೆ. ಕಂಡದ್ದನ್ನು, ಓದಿ ತಿಳಿದದ್ದನ್ನು ಮಾತ್ರ ಹೇಳುತ್ತೇನೆ.

2016ರ ಫೆಬ್ರವರಿ 9. ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಮೊದಲೇ ನಾಲ್ಕು ಹುಡುಗರು ಬಂದು ನಿಂತಿದ್ದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಬದುಕಿದ್ದಾರೆ ಎಂಬ ಸುದ್ದಿ ಬಂದಿತ್ತು. ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,000 ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಜನ ಅದರಡಿ ಸಿಕ್ಕಿದ್ದರು. ಅವರಲ್ಲಿ ಮೂವರು ಕರ್ನಾಟಕದವರು. ಆರು ದಿನ ಹಿಮದಡಿ ಇದ್ದ ಮನುಷ್ಯ ಉಸಿರಾಡುತ್ತಿದ್ದಾನೆ ಎಂದರೆ ನಂಬುವುದು ಹೇಗೆ! "ಬೇಗ ಗುಣವಾಗಿ ಬಾ ವೀರಾ" ಎಂದು ಎರಡು ಸಾವಿರ ಕರಪತ್ರ ಹೊಡೆದುಕೊಟ್ಟೆ. ಹಣ ತೆಗೆದುಕೊಳ್ಳಲಿಲ್ಲ.

ಫೆಬ್ರವರಿ 11ರ ಮಧ್ಯಾಹ್ನ ಅದೇ ಹುಡುಗರು ಮತ್ತೆ ಬಂದರು. ಯಾರೂ ಮಾತಾಡಲಿಲ್ಲ. ಅದೇ ಫೋಟೊ, ಅದೇ ಕಾಗದ. ಮೇಲಿನ ಸಾಲು ತೆಗೆದು "ಭಾವಪೂರ್ಣ ಶ್ರದ್ಧಾಂಜಲಿ" ಎಂದು ಹಾಕಿದೆ. ಸುತ್ತ ಕಪ್ಪು ಗೆರೆ ಎಳೆದೆ. ಇಷ್ಟು ವರ್ಷದಲ್ಲಿ ನನ್ನ ಕೈ ನಡುಗಿದ ಕೆಲಸ ಅದೊಂದೇ.

ಅಂದು ರಾತ್ರಿ ಮಗಳ ಶಾಲೆಯ ಅಟ್ಲಾಸ್ ತೆಗೆದು ಸಿಯಾಚಿನ್ ಎಲ್ಲಿದೆ ಎಂದು ಹುಡುಕಿದೆ. ನಾಚಿಕೆಯ ಮಾತು, ನನಗೆ ಗೊತ್ತಿರಲಿಲ್ಲ. ಮೇಲೆ ಹಿಮ, ಕೆಳಗೆ ನುಬ್ರಾ ಕಣಿವೆ, ಅದು ಲಡಾಖ್. ನನ್ನ ತಲೆಯಲ್ಲಿ ಗಡಿ ಎಂದರೆ ಬಂದೂಕು ಹಿಡಿದ ಸೈನಿಕ, ಅಷ್ಟೆ. ಅಲ್ಲಿ ಊರುಗಳಿವೆ, ಹೆಂಗಸರು ಬಾರ್ಲಿ ಬೆಳೆಯುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ ಎಂದು ಯೋಚಿಸಿರಲೇ ಇಲ್ಲ. ಅಂದಿನಿಂದ ಪೇಪರಿನಲ್ಲಿ ಲಡಾಖ್ ಎಂದು ಕಂಡರೆ ಕತ್ತರಿಸಿ ಇಟ್ಟುಕೊಳ್ಳುತ್ತಾ ಬಂದಿದ್ದೇನೆ.

ಮೊದಲು ಕಂಡವನು ಕುರಿಗಾಹಿ

1999ರ ಕಾರ್ಗಿಲ್ ಯುದ್ಧ ನಿಮ್ಮಲ್ಲಿ ಹಲವರು ಹುಟ್ಟುವ ಮೊದಲಿನದು. ಶತ್ರು ಒಳಗೆ ನುಗ್ಗಿದ್ದನ್ನು ಮೊದಲು ಕಂಡವರು ಯಾರು ಗೊತ್ತೇ? ವಿಮಾನವಲ್ಲ, ಗುಪ್ತಚರ ಇಲಾಖೆಯೂ ಅಲ್ಲ. ಗರ್ಖೋನ್ ಎಂಬ ಹಳ್ಳಿಯ ತಾಶಿ ನಾಮ್‌ಗ್ಯಾಲ್ ಎಂಬ ಕುರಿಗಾಹಿ. ಮೇ ತಿಂಗಳ ಆರಂಭದಲ್ಲಿ ಕಳೆದುಹೋದ ತನ್ನ ಯಾಕ್ ಹುಡುಕಿಕೊಂಡು ಬೆಟ್ಟ ಹತ್ತಿದವನಿಗೆ ಅಪರಿಚಿತರು ಕಂಡರು. ಇಳಿದು ಬಂದು ಸೈನ್ಯಕ್ಕೆ ತಿಳಿಸಿದ. 2024ರ ಡಿಸೆಂಬರಿನಲ್ಲಿ ಆತ ತೀರಿಕೊಂಡಾಗ ಸೈನ್ಯವೇ ಗೌರವ ಸಲ್ಲಿಸಿತು.

ಇದರ ಅರ್ಥವೇನು? ಬೆಟ್ಟದ ಯಾವ ಕಲ್ಲು ಎಲ್ಲಿತ್ತು, ಇವತ್ತು ಎಲ್ಲಿದೆ ಎಂದು ಬಲ್ಲವನು ಅಲ್ಲೇ ಮೇಕೆ ಮೇಯಿಸುವವನು. ಅವನು ಊರು ಬಿಟ್ಟು ಹೋದರೆ ದೇಶಕ್ಕೆ ಒಂದು ಕಣ್ಣು ಹೋದಂತೆ. ಊರು ಖಾಲಿಯಾದ ಗಡಿಯನ್ನು ಎಷ್ಟು ಪಡೆ ಇಟ್ಟು ಕಾಯುತ್ತೀರಿ?

ಸರ್ಕಾರ ಮಾಡಿದ್ದನ್ನು ಮಾಡಿದೆ ಎನ್ನೋಣ

ಸರ್ಕಾರಕ್ಕೂ ಇದು ತಿಳಿಯದ್ದಲ್ಲ. 1986-87ರಲ್ಲೇ ಗಡಿ ಪ್ರದೇಶ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ಮೊದಲು ಪಾಕಿಸ್ತಾನದ ಕಡೆಯ ಗಡಿಗೆ, ಆಮೇಲೆ ಬೇರೆ ಗಡಿಗಳಿಗೂ ಹಬ್ಬಿತು. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಸತ್ತ ಮೇಲೆ ಕೆಲಸಕ್ಕೆ ವೇಗ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆಯಿತು. ದರ್ಬೂಕ್‌ನಿಂದ ದೌಲತ್ ಬೇಗ್ ಓಲ್ಡಿಗೆ 255 ಕಿಲೋಮೀಟರ್ ರಸ್ತೆ ಅದಕ್ಕೂ ಮೊದಲೇ ಆಗಿತ್ತು. 2023ರ ಫೆಬ್ರವರಿಯಲ್ಲಿ 'ವೈಬ್ರೆಂಟ್ ವಿಲೇಜಸ್' ಯೋಜನೆಗೆ 4,800 ಕೋಟಿ ರೂಪಾಯಿ ಮಂಜೂರಾಯಿತು. ಅದರಲ್ಲಿ ರಸ್ತೆಗೇ 2,500 ಕೋಟಿ. ಚೀನಾ ಗಡಿಯ ಹಳ್ಳಿಗಳಿಂದ ಜನ ವಲಸೆ ಹೋಗದಂತೆ ತಡೆಯುವುದೇ ಗುರಿ. ಮೊದಲ ಸುತ್ತಿಗೆ ಆರಿಸಿದ್ದು 662 ಹಳ್ಳಿ. ಲಡಾಖಿನದು 35. 2025ರ ಏಪ್ರಿಲಿನಲ್ಲಿ ಬೇರೆ ಗಡಿಗಳಿಗೆಂದು ಎರಡನೆಯ ಹಂತಕ್ಕೆ 6,839 ಕೋಟಿ ಕೊಟ್ಟರು.

ಒಳ್ಳೆಯ ಕೆಲಸವನ್ನು ಒಳ್ಳೆಯದು ಎನ್ನಬೇಕು. ಹಿಮದಲ್ಲಿ ಹೆರಿಗೆ ನೋವು ತಿನ್ನುವ ಹೆಂಗಸಿಗೆ ರಸ್ತೆ ಎಂದರೆ ಜೀವ. ಆದರೆ ರಸ್ತೆ ಎರಡೂ ಕಡೆ ಓಡುತ್ತದೆ ಗೆಳೆಯರೇ! ಸೈನ್ಯದ ಟ್ರಕ್ಕು ಮೇಲೆ ಹೋಗುವ ದಾರಿಯಲ್ಲೇ ಊರಿನ ಹುಡುಗ ಗಂಟು ಕಟ್ಟಿಕೊಂಡು ಕೆಳಗಿಳಿಯಬಹುದು. ಅವನನ್ನು ಅಲ್ಲಿ ಹಿಡಿದಿಡುವುದು ಡಾಂಬರಲ್ಲ. ಕೈಯಲ್ಲೊಂದು ಕೆಲಸ, ಕಾಲಡಿ ತನ್ನ ನೆಲ, ಬಾಯಲ್ಲಿ ತನ್ನ ಮಾತು, ಅದಕ್ಕೊಂದು ಬೆಲೆ.

ಆ ಬೆಲೆ ಸಿಕ್ಕಿದೆಯೇ? 2019ರ ಅಕ್ಟೋಬರ್ 31ರಂದು ಲಡಾಖ್ ಕೇಂದ್ರಾಡಳಿತ ಪ್ರದೇಶವಾಯಿತು. ವಿಧಾನಸಭೆ ಕೊಡಲಿಲ್ಲ. ಲೇಹ್, ಕಾರ್ಗಿಲ್‌ಗಳಲ್ಲಿ ಗುಡ್ಡಗಾಡು ಮಂಡಳಿಗಳಿದ್ದವು, ಆದರೆ ದೊಡ್ಡ ತೀರ್ಮಾನಗಳೆಲ್ಲ ದೆಹಲಿಯಿಂದ. ಚೀನಾದ ಜೊತೆ ಮಾತುಕತೆ ನಡೆದು ಕೆಲವು ಕಡೆ ಎರಡೂ ಸೈನ್ಯ ಹಿಂದೆ ಸರಿದವು. ನಡುವೆ ಯಾರೂ ಕಾಲಿಡಬಾರದ ನೆಲ ಉಳಿಯಿತು. ಚುಶೂಲ್ ಕಡೆಯ ಜನ ಹೇಳಿದ್ದು, "ಅದು ನಮ್ಮ ಚಳಿಗಾಲದ ಹುಲ್ಲುಗಾವಲು." ನಕ್ಷೆಯಲ್ಲಿ ಅದು ಖಾಲಿ ಜಾಗ. ಪಷ್ಮೀನಾ ಮೇಕೆ ಸಾಕುವ ಚಾಂಗ್ಪಾ ಜನರಿಗೆ ಅದೇ ಅನ್ನ. 2024ರ ಜನವರಿಯಲ್ಲಿ ಒಂದು ವಿಡಿಯೊ ಎಲ್ಲೆಡೆ ಹರಿದಾಡಿತು. ಮೇಯಿಸಲು ಹೋದ ಕುರಿಗಾಹಿಗಳು ಚೀನಾ ಸೈನಿಕರ ಮುಂದೆ ನಿಂತು, "ಇದು ನಮ್ಮ ನೆಲ" ಎಂದು ವಾದಿಸುತ್ತಿದ್ದರು. ಕೈಯಲ್ಲಿ ಬಂದೂಕಿಲ್ಲ. ಇದಕ್ಕಿಂತ ದೊಡ್ಡ ಕಾವಲು ಯಾವುದು?

ಇನ್ನೊಂದು ಕಡೆ, 2023ರ ಅಕ್ಟೋಬರಿನಲ್ಲಿ ಲಡಾಖಿನ 13 ಗಿಗಾವ್ಯಾಟ್ ವಿದ್ಯುತ್ ಯೋಜನೆಯ ಲೈನು ಎಳೆಯಲು 20,773 ಕೋಟಿಗೆ ಒಪ್ಪಿಗೆ ಸಿಕ್ಕಿತು. ಬಿಸಿಲಿನ ಕರೆಂಟು ಬೇಡ ಎನ್ನುವವರು ಯಾರು? ಆದರೆ ಫಲಕ ಹಾಸುವ ಬಯಲಲ್ಲಿ ಮೇಕೆ ಮೇಯುತ್ತವೆ. ಅದರ ಯಜಮಾನನನ್ನು ಮೊದಲು ಕೂರಿಸಿ ಕೇಳಬೇಕಲ್ಲವೇ?

ಓದಲಾಗದ ಕಾಗದ

ಈಗ ನನ್ನ ಕಸುಬಿನ ಮಾತು. ಕೆಲವು ವರ್ಷದ ಹಿಂದೆ ಒಂದು ಕಚೇರಿಯಿಂದ ಐದು ಸಾವಿರ ಕರಪತ್ರದ ಆರ್ಡರ್ ಬಂತು. ರೈತರಿಗೊಂದು ಯೋಜನೆ. ಮ್ಯಾಟರ್ ನೋಡಿದರೆ ಕನ್ನಡದ ಅಕ್ಷರ ಇದೆ, ಕನ್ನಡ ಇಲ್ಲ. ಇಂಗ್ಲಿಷನ್ನು ಕಂಪ್ಯೂಟರಿಗೆ ಹಾಕಿ ತಿರುಗಿಸಿದ್ದು. ಅರ್ಜಿ ಎಲ್ಲಿ ಕೊಡಬೇಕು, ಕೊನೆಯ ದಿನ ಯಾವುದು ಎಂಬುದೂ ತಿಳಿಯದು. "ಸಾರ್, ಇದು ಯಾರಿಗೂ ಅರ್ಥವಾಗಲ್ಲ" ಎಂದೆ. "ಯಾರು ಓದ್ತಾರ್ರೀ? ಹಂಚಿದ್ದು ಲೆಕ್ಕಕ್ಕೆ ಬಂದರೆ ಸಾಕು, ಹೊಡೀರಿ" ಎಂದರು. ಹೊಡೆದೆ. ಬಿಲ್ಲು ಪಾಸಾಯಿತು. ಮೂರು ತಿಂಗಳ ಮೇಲೆ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಕಟ್ಟಿಕೊಟ್ಟ ಕಾಗದ ಬಿಡಿಸಿ ನೋಡುತ್ತೇನೆ, ನನ್ನದೇ ಕರಪತ್ರ! ಆ ಮಿರ್ಚಿ ಗಂಟಲಲ್ಲಿ ಇಳಿಯಲಿಲ್ಲ. ತಪ್ಪು ಅವರದ್ದು ಮಾತ್ರವಲ್ಲ, ನನ್ನದೂ ಹೌದು.

ಯೋಜನೆ ಯಾರಿಗಾಗಿಯೋ ಅವರ ನುಡಿಯಲ್ಲಿ ಅದು ಇಲ್ಲದಿದ್ದರೆ ಕೊನೆಗೆ ಆಗುವುದು ಇಷ್ಟೇ. ಲಡಾಖಿನಲ್ಲಿ ಹಿಂದೆ ಕಚೇರಿ, ಕಂದಾಯದ ಕಾಗದವೆಲ್ಲ ಉರ್ದು. ಆಮೇಲೆ ಇಂಗ್ಲಿಷ್, ಹಿಂದಿ ಸೇರಿದವು. ಮನೆಯಲ್ಲಿ ಆಡುವುದು ಭೋಟಿ, ಪುರ್ಗಿ, ಬಲ್ತಿ, ಶಿನಾ. 2025ರ ಜೂನಿನಲ್ಲಿ ಭೋಟಿ, ಪುರ್ಗಿಗಳಿಗೆ ಆಡಳಿತ ಭಾಷೆಯ ಸ್ಥಾನ ಸಿಕ್ಕಿತು. ಸರ್ಕಾರಿ ಕೆಲಸದಲ್ಲಿ ಸ್ಥಳೀಯರಿಗೆ ಶೇಕಡ 85 ಮೀಸಲಾತಿಯೂ ಬಂತು. ಇವು ತಾವಾಗಿ ಉದುರಿದ ಹಣ್ಣಲ್ಲ, ವರ್ಷಗಟ್ಟಲೆ ಬೀದಿಯಲ್ಲಿ ಕೂತು ಕೇಳಿದ್ದಕ್ಕೆ ಸಿಕ್ಕಿದ್ದು. ನಮ್ಮಲ್ಲಿ ಸರೋಜಿನಿ ಮಹಿಷಿ ವರದಿ 1980ರ ದಶಕದ್ದು. 2024ರ ಜುಲೈನಲ್ಲಿ ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಪಾಲು ಕೊಡುವ ಮಸೂದೆಯನ್ನು ಸಂಪುಟ ಒಪ್ಪಿತು. ಉದ್ಯಮಿಗಳು ಕೂಗಿದ ಕೂಡಲೇ ತಡೆಹಿಡಿಯಿತು. ಅವರ ನೋವು ನಮಗೆ ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾದೀತು?

ದೇಶದ್ರೋಹಿ ಎನ್ನುವ ಮುನ್ನ

ಅವರು ಕೇಳಿದ್ದು ರಾಜ್ಯದ ಸ್ಥಾನಮಾನ, ಸಂವಿಧಾನದ ಆರನೇ ಪರಿಚ್ಛೇದದ ರಕ್ಷಣೆ, ನೇಮಕಾತಿಗೆ ಒಂದು ಆಯೋಗ, ಇಬ್ಬರು ಸಂಸದರು. 2025ರ ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಪ್ರತಿಭಟನೆ ಕೈಮೀರಿತು. ಕಟ್ಟಡಕ್ಕೆ ಬೆಂಕಿ ಬಿತ್ತು, ಗೋಲಿಬಾರ್ ಆಯಿತು, ನಾಲ್ವರು ಸತ್ತರು. ಬೆಂಕಿ ಹಚ್ಚಿದ್ದು ತಪ್ಪೇ. ಆದರೆ ಸತ್ತವರಲ್ಲಿ ಒಬ್ಬರು ಕಾರ್ಗಿಲ್ ಯುದ್ಧದಲ್ಲಿ ಕಾದಿದ್ದ ಮಾಜಿ ಸೈನಿಕ! ಅಂದು ರಾತ್ರಿಯೇ ನಮ್ಮ ಹುಡುಗರ ಮೊಬೈಲಿನಲ್ಲಿ "ದೇಶದ್ರೋಹಿಗಳು" ಎಂಬ ಮಾತು ಓಡಾಡುತ್ತಿತ್ತು. ಹನುಮಂತಪ್ಪನವರಿಗೆ ಕೈಮುಗಿದ ಬೆರಳುಗಳೇ ಅದನ್ನು ಒತ್ತಿದ್ದವು. ನನಗೆ ತುಂಬ ನೋವಾಯಿತು.

"ಗಡಿಯವರಿಗೆ ಅಧಿಕಾರ ಕೊಟ್ಟರೆ ದೇಶದ ಭದ್ರತೆ ಏನಾಗಬೇಕು?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಮಿಜೋರಾಂ ಉತ್ತರ. ಮ್ಯಾನ್ಮಾರ್, ಬಾಂಗ್ಲಾದೇಶ ಎರಡರ ಗಡಿಯೂ ಅದಕ್ಕಿದೆ. 1966ರಿಂದ ಇಪ್ಪತ್ತು ವರ್ಷ ಬಂದೂಕು ಮಾತಾಡಿತು. 1986ರಲ್ಲಿ ಒಪ್ಪಂದವಾಗಿ, 1987ರಲ್ಲಿ ರಾಜ್ಯವಾಯಿತು. ಬಂದೂಕು ಕೆಳಗಿಟ್ಟವರೇ ವಿಧಾನಸಭೆಗೆ ಬಂದು ಕೂತರು. ಆರನೇ ಪರಿಚ್ಛೇದದ ಮಂಡಳಿಗಳಿಗೆ ಸೈನ್ಯದ ಮೇಲೆ ಯಾವ ಅಧಿಕಾರವೂ ಇಲ್ಲ. ಅವು ನೋಡಿಕೊಳ್ಳುವುದು ನೆಲ, ಕಾಡು, ಊರಿನ ರೂಢಿಯನ್ನು. ಲಡಾಖಿನವರು ಬಂದೂಕು ಹಿಡಿದು ಕೇಳಿದವರೂ ಅಲ್ಲ. ಉಪವಾಸ ಕೂತು, ಕಾಲ್ನಡಿಗೆಯಲ್ಲಿ ದೆಹಲಿಗೆ ಹೋಗಿ ಕೇಳಿದವರು.

ಆದ್ದರಿಂದ ಗೆಳೆಯರೇ, ಗಡಿಗೆ ಇಷ್ಟು ಕೋಟಿ ಎಂದು ಇನ್ನು ಮುಂದೆ ಓದಿದಾಗ ಮೂರು ಪ್ರಶ್ನೆ ಕೇಳಿ. ಅಲ್ಲಿನವರನ್ನು ಕೂರಿಸಿಕೊಂಡು ಮಾಡಿದ ಯೋಜನೆಯೇ? ಅದರ ಕಾಗದ ಅವರ ನುಡಿಯಲ್ಲಿದೆಯೇ? ಅದರಿಂದ ಬರುವ ಕೆಲಸ ಅವರ ಮಕ್ಕಳಿಗೆ ಸಿಗುತ್ತದೆಯೇ? ನಮ್ಮ ಬೆಳಗಾವಿ, ಬೀದರ್ ಗಡಿಯ ಹಳ್ಳಿಗಳಲ್ಲಿ ಗುಂಡಿನ ಸದ್ದಿಲ್ಲ, ಅದು ನಮ್ಮ ಪುಣ್ಯ. ಅಲ್ಲಿಗೂ ಇದೇ ಮೂರು ಪ್ರಶ್ನೆ ಸಾಕು.

ಆ ದಿನದ ಎರಡೂ ಕರಪತ್ರ ನನ್ನ ಮೇಜಿನ ಗಾಜಿನ ಕೆಳಗಿವೆ. ಬೆಟದೂರಿನ ಮಗ ಅಷ್ಟು ದೂರ ಹೋಗಿ ಹಿಮದಡಿ ಮಲಗಿದ್ದು ಬರೀ ಹಿಮವನ್ನು ಕಾಯಲು ಅಲ್ಲ. ಕೆಳಗಿನ ಕಣಿವೆಯ ಜನ ನಿಶ್ಚಿಂತೆಯಿಂದ ಮಲಗಲಿ ಎಂದು. ಆ ಜನರೇ ಇಂದು ಏನೋ ಹೇಳುತ್ತಿದ್ದಾರೆ. ಅವರ ಮಾತನ್ನು ಕೇಳಿಸಿಕೊಳ್ಳುವುದು ಹನುಮಂತಪ್ಪನವರಿಗೆ ನಾವು ಸಲ್ಲಿಸಬೇಕಾದ ಋಣ.