ಸೌದೆ, ಕಾನೂನು ಮತ್ತು ನಮ್ಮ ಒಲೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು ಎಂದು ಮೇಷ್ಟ್ರು ಹೇಳಿದ್ದರು. ಕ್ಷಮಿಸಿ, ನಾನು ಸೌದೆಯ ಬಗ್ಗೆ ಮಾತಾಡುತ್ತೇನೆ.

ನಾನು ಇಲ್ಲಿ ಓದುವಾಗ ನಮ್ಮ ಮನೆಯಲ್ಲಿ ಗ್ಯಾಸ್ ಇರಲಿಲ್ಲ. ಅಮ್ಮ ಕಾಡಂಚಿನಲ್ಲಿ ಒಣ ಪುರಲೆ ಆರಿಸಿ ಹೊರೆ ಕಟ್ಟಿ ತರುತ್ತಿದ್ದಳು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಬರಿಗೈಯಲ್ಲಿ ಬಂದಳು. ಹೊರೆಯ ಜೊತೆಗೆ ಕತ್ತಿಯನ್ನೂ ದಾರಿಯಲ್ಲಿ ಕಿತ್ತುಕೊಂಡಿದ್ದರು. ಅದೇ ಸಂಜೆ ಹಸಿ ಸೌದೆ ತುಂಬಿದ ಲಾರಿಯೊಂದು ಶಿವಮೊಗ್ಗದ ಕಡೆಗೆ ಹೋಯಿತು. ಲಾರಿಗೆ ಪಾಸ್ ಇತ್ತು, ಅಮ್ಮನ ಹೊರೆಗೆ ಇರಲಿಲ್ಲ.

ಕಾನೂನು ಬೇಡ ಎಂದು ನಾನು ಹೇಳುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮರ, ಇದ್ದಿಲುಗಳ ಸಾಗಣೆಯನ್ನು ನಿಯಂತ್ರಿಸುತ್ತದೆ. 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. 2006ರ ಅರಣ್ಯ ಹಕ್ಕು ಕಾಯ್ದೆ ಕುರುಚಲು ಕಟ್ಟಿಗೆಯನ್ನೂ ಕಿರು ಅರಣ್ಯ ಉತ್ಪನ್ನವೆಂದು ಒಪ್ಪಿ, ಅರ್ಹರಿಗೆ ಅದರ ಹಕ್ಕು ಕೊಟ್ಟಿದೆ. ಇವೆಲ್ಲ ಒಳ್ಳೆಯವೇ. ಆದರೆ ಇವು ಕಾವಲು ಕಾಯುವುದು ಕಾಡಿನಲ್ಲಿ, ರಸ್ತೆಯಲ್ಲಿ. ಸೌದೆ ಉರಿಯುವುದು ಒಲೆಯಲ್ಲಿ.

ಇದಕ್ಕೆ ನಮ್ಮ ಭದ್ರಾವತಿಯೇ ಸಾಕ್ಷಿ. 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಶುರುವಾದಾಗ ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು, ಇದ್ದಿಲು ಸುತ್ತಲ ಕಾಡಿನ ಮರದಿಂದ. ಸೌದೆ ತರಲು ಕಾಡಿನೊಳಗೆ ಟ್ರಾಮ್ ಹಳಿಯನ್ನೇ ಹಾಕಿದ್ದರು. ಆ ಕಾರ್ಖಾನೆ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು, ಅದನ್ನು ಮರೆಯಬಾರದು. ಜೋಗದ ವಿದ್ಯುತ್ ಬಂದು, 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಕೂತ ಮೇಲೆ ಶಾಖಕ್ಕಾಗಿ ಮರ ಸುಡುವ ಅಗತ್ಯ ತಗ್ಗಿತು. ಒಂದು ಟನ್ ಕಬ್ಬಿಣಕ್ಕೆ ಬೇಕಾದ ಇದ್ದಿಲನ್ನು ಕಡಿಮೆ ಮಾಡಿದ್ದು ಕಾವಲುಗಾರನಲ್ಲ, ಬದಲಾದ ಕುಲುಮೆ.

ಮನೆಯ ಮಾತೂ ಅಷ್ಟೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಊರುಗಳಿಗೂ ಬಂತು. ಮೂರು ಪಾತ್ರೆ, ಕೆಳಗೆ ಗಾಳಿಯಾಡಲು ಜಾಲರಿ, ಹೊಗೆಗೆ ಕೊಳವೆ. ಸೌದೆಯೂ ಉಳಿಯಿತು, ಅಮ್ಮಂದಿರ ಕಣ್ಣೂ ಉಳಿಯಿತು. ಈಗ ಗ್ಯಾಸ್ ಬಂದಿದೆ. ಆದರೆ ಸಿಲಿಂಡರ್ ದುಬಾರಿಯಾದ ತಿಂಗಳು ಹಳೆಯ ಒಲೆ ಮತ್ತೆ ಹೊತ್ತುವುದನ್ನು ನೀವೆಲ್ಲ ನೋಡಿದ್ದೀರಿ. ಅಡಿಕೆ ಸುಗ್ಗಿಯಲ್ಲಂತೂ ಬೇಯಿಸುವ ಹಂಡೆಗಳ ಕೆಳಗೆ ರಾತ್ರಿಯಿಡೀ ಸೌದೆ ಉರಿಯುತ್ತದೆ.

ಅದಕ್ಕೇ ನನ್ನದೊಂದು ಕೋರಿಕೆ. ಈ ಸುವರ್ಣ ವರ್ಷದ ನೆನಪಿಗೆ ಇನ್ನೊಂದು ಕಮಾನು ಕಟ್ಟುವುದು ಬೇಡ. ಅಡಿಕೆ ಬೇಯಿಸಲು ಜಾಲರಿ, ಹೊಗೆಕೊಳವೆ ಇರುವ ಒಂದು ಸುಧಾರಿತ ಒಲೆಯನ್ನು ಊರಿನಲ್ಲಿ ಕಟ್ಟೋಣ. ಒಣಗಿದ ಅಡಿಕೆ ಸಿಪ್ಪೆಯನ್ನೂ ಅದರಲ್ಲಿ ಉರಿಸಿ ನೋಡೋಣ. ಎಷ್ಟು ಸೌದೆ ಉಳಿಯಿತೆಂದು ಈ ಶಾಲೆಯ ಮಕ್ಕಳೇ ತೂಗಿ ಬರೆದಿಡಲಿ. ಖರ್ಚಿನಲ್ಲಿ ನನ್ನ ಪಾಲು ನಾನು ಕೊಡುತ್ತೇನೆ.

ಅಮ್ಮನ ಕತ್ತಿ ವಾಪಸು ಬರಲಿಲ್ಲ. ಮರುದಿನ ಪಕ್ಕದ ಮನೆಯವರು ಕೊಟ್ಟ ಸೌದೆಯಲ್ಲಿ ಗಂಜಿ ಬೇಯಿಸಿ, ನನ್ನನ್ನು ಈ ಶಾಲೆಗೆ ಕಳಿಸಿದಳು. ಇವತ್ತು ಅವಳು ಮೂರನೇ ಸಾಲಿನಲ್ಲಿ ಕೂತಿದ್ದಾಳೆ.