‘ಆಗೂದಿಲ್ರೀ ಸರ’ ಅಂದ ಹುಡುಗ

ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ಏನು ಬೈದರು, ಯಾರ ಕುರ್ಚಿ ಅಲುಗಾಡ್ತಿದೆ, ಅದೆಲ್ಲ ನಾಳೆ ಇದ್ದೇ ಇರುತ್ತೆ. ಕಳೆದ ವಾರ ನಾನು ಈ ಹೊತ್ತಿಗೆ ನಿಮ್ಮ ಮುಂದೆ ಬರಲಿಲ್ಲ. ಎಲ್ಲಿ ಹೋಗಿದ್ರಿ ಅಂತ ತುಂಬಾ ಜನ ಕೇಳಿದ್ರಿ. ರಜೆ ಹಾಕಿ, ಹೆಂಡತಿ, ಮಕ್ಕಳು, ಭಾವಮೈದುನನ ಸಂಸಾರ ಎಲ್ಲರನ್ನೂ ಕಟ್ಟಿಕೊಂಡು ದಾಂಡೇಲಿಗೆ ಹೋಗಿದ್ದೆ. ಅಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ನನ್ನ ಮುಖ ನೋಡಿ ‘ಆಗೂದಿಲ್ರೀ ಸರ’ ಅಂದ. ದಿನಕ್ಕೆ ಹತ್ತು ಜನರಿಗೆ ಉತ್ತರ ಕೊಡಿ ಅಂತ ದಬಾಯಿಸೋ ಮನುಷ್ಯ ನಾನು. ನನಗೇ ‘ಆಗಲ್ಲ’ ಅಂದ. ಇವತ್ತು ಆ ಕಥೆ ಹೇಳ್ತೀನಿ. ಇದರಲ್ಲಿ ತಪ್ಪು ನನ್ನದು, ಮೊದಲೇ ಹೇಳಿಬಿಡ್ತೀನಿ.

ದಾಂಡೇಲಿ ಅಂದ್ರೆ ಕಾಳಿ ನದಿ. ಜೋಯಿಡಾ ತಾಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದಲ್ಲಿ ಸಮುದ್ರ ಸೇರುತ್ತೆ. ಹುಟ್ಟೋದು, ಬೆಳೆಯೋದು, ಮುಗಿಯೋದು ಎಲ್ಲವೂ ಉತ್ತರ ಕನ್ನಡ ಜಿಲ್ಲೆಯ ಒಳಗೇ. ಆ ನದಿಗೆ ಗಣೇಶಗುಡಿಯ ಹತ್ತಿರ ಸೂಪಾ ಅಣೆಕಟ್ಟು ಇದೆ, 101 ಮೀಟರ್ ಎತ್ತರ. ಸೂಪಾ ಅನ್ನೋದು ಬರೀ ಅಣೆಕಟ್ಟಿನ ಹೆಸರಲ್ಲ. ಅದು ಒಂದು ಊರು, ಒಂದು ಕಾಲದ ತಾಲೂಕು ಕೇಂದ್ರ. ಆ ಊರು ನೀರಿನಡಿ ಹೋಯ್ತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಮನೆ ಕಳಕೊಂಡವರಿಗೆ ಅದೇ ತಾಲೂಕಿನ ರಾಮನಗರದಲ್ಲಿ ಜಾಗ ಕೊಟ್ಟರು. ನಮ್ಮ ನಿಮ್ಮ ಮನೆಗೆ ಕರೆಂಟು ಬಂತು.

ಇದನ್ನು ಯಾಕೆ ಹೇಳಿದೆ? ಗಣೇಶಗುಡಿಯಲ್ಲಿ ರಾಫ್ಟಿಂಗ್ ನಡೆಯೋದೇ ಆ ಅಣೆಕಟ್ಟಿನ ನೀರಿನಲ್ಲಿ. ಅಣೆಕಟ್ಟಿನ ಬುಡದಲ್ಲಿ 50 ಮೆಗಾವಾಟ್‌ನ ಎರಡು ವಿದ್ಯುತ್ ಘಟಕ ಇವೆ. ಅವು ತಿರುಗಿದಾಗ ಕೆಳಗೆ ನೀರು ಬರುತ್ತೆ, ನೀರು ಬಂದಾಗ ರಬ್ಬರ್ ದೋಣಿ ಇಳಿಯುತ್ತೆ. ಯಂತ್ರ ನಿಂತಿದ್ದರೆ ನದಿಯಲ್ಲಿ ಬಂಡೆಗಳು ಕಾಣ್ತವೆ, ಮಕ್ಕಳು ಹಾರಿಕೊಂಡು ಹೋಗಬಹುದು ಅನ್ನಿಸುತ್ತೆ. ಯಂತ್ರ ಶುರುವಾದ ಮೇಲೆ ಅದೇ ಬಂಡೆಗಳ ಮೇಲೆ ನೀರು ನುಗ್ಗುತ್ತೆ. ಮೋಡ ಇಲ್ಲ, ಮಳೆ ಇಲ್ಲ, ಆದರೂ ನದಿ ಏರುತ್ತೆ. ಅಣೆಕಟ್ಟಿನ ಕೆಳಗೆ ಬಂಡೆ ಮೇಲೆ ನಿಂತು ಸೆಲ್ಫಿ ತೆಗೆಯೋರು ಇದನ್ನು ನೆನಪಲ್ಲಿಡಿ. ಬಿಸಿಲಿದೆ ಅಂತ ನದಿಯನ್ನು ನಂಬಬೇಡಿ.

ಸರಿ, ಕಥೆಗೆ ಬರೋಣ. ದಾರಿಯಲ್ಲಿ ಚಹಾ ಕುಡಿಯೋಕೆ ನಿಲ್ಲಿಸಿದ್ವಿ. ಅಲ್ಲೇ ಒಬ್ಬ ಬಂದ. ‘ರಾಫ್ಟಿಂಗ್ ಬೇಕಾ ಸಾರ್? ಎಷ್ಟು ಜನ? ಮಕ್ಕಳಾ? ಮಕ್ಕಳಿಗೂ ಆಗುತ್ತೆ. ಈಜು ಬರಲ್ವಾ? ಏನೂ ಬೇಡ ಸಾರ್, ಆಗುತ್ತೆ. ಎಲ್ಲರೂ ಒಂದೇ ಬೋಟಲ್ಲಾ? ಅದೂ ಆಗುತ್ತೆ. ನಿಮಗೆ ತಲೆಗೆ ಇನ್ನೂರು ಕಡಿಮೆ ಮಾಡ್ತೀನಿ.’ ಆ ಮನುಷ್ಯನ ಬಾಯಲ್ಲಿ ‘ಆಗಲ್ಲ’ ಅನ್ನೋ ಪದವೇ ಇರಲಿಲ್ಲ. ನನಗೆ ಖುಷಿಯಾಯ್ತು, ನಿಜ ಹೇಳ್ತೀನಿ. ಆದರೆ ನನ್ನ ಹೆಂಡತಿ ಊರಿಂದಲೇ ಬೇರೆ ಕಡೆ ಮಾತಾಡಿ ಮುಂಗಡ ಕಟ್ಟಿಬಿಟ್ಟಿದ್ದಳು. ‘ಇನ್ನೂರು ರೂಪಾಯಿಗೆ ಮಾತು ಬದಲಾಯಿಸೋದು ಬೇಡ, ನಡೀರಿ’ ಅಂದಳು. ಗೊಣಗಿಕೊಂಡೇ ಹೋದೆ.

ಅಲ್ಲಿ ಈ ಹುಡುಗ ಇದ್ದ. ನಮ್ಮ ಗೈಡ್. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಬಿಪಿ ಇದೆಯಾ, ಹೃದಯದ ತೊಂದರೆ ಇದೆಯಾ, ಗರ್ಭಿಣಿಯರು ಇದ್ದಾರಾ, ಯಾರಾದರೂ ಕುಡಿದಿದ್ದೀರಾ ಅಂತ ಕೇಳಿದ. ನನ್ನ ಭಾವಮೈದುನ ನಕ್ಕ. ಅವನು ನಗಲಿಲ್ಲ. ಆಮೇಲೆ ಲೈಫ್ ಜಾಕೆಟ್ ಹಾಕಿಸಿದ, ಒಬ್ಬೊಬ್ಬರ ಹತ್ತಿರ ಬಂದು ಪಟ್ಟಿ ಬಿಗಿದು, ಭುಜದ ಹತ್ತಿರ ಎರಡೂ ಕೈಯಿಂದ ಹಿಡಿದು ಮೇಲಕ್ಕೆ ಎಳೆದು ನೋಡಿದ. ನನ್ನದು ಅಲುಗಲಿಲ್ಲ, ನನ್ನ ಹೊಟ್ಟೆಯ ಪುಣ್ಯ. ಮಗಳದೂ ಸರಿಯಾಯ್ತು, ಅವಳಿಗೆ ಹದಿನಾರು. ಮಗನ ಜಾಕೆಟ್ ಎಳೆದ, ಅದು ಅವನ ಕಿವಿ ದಾಟಿ ಮೇಲೆ ಬಂತು. ಇನ್ನೊಂದು ಹಾಕಿದ, ಅದೂ ಅಷ್ಟೇ.

‘ವಯಸ್ಸು ಎಷ್ಟ್ರೀ ಸರ?’

‘ಹನ್ನೊಂದು.’

‘ಆಗೂದಿಲ್ರೀ ಸರ. ನಮ್ಮಲ್ಲಿ ಹದಿನಾಲ್ಕು ಆಗಿರಬೇಕು. ಇವತ್ತು ನೀರೂ ಜಾಸ್ತಿ ಅದ.’

ಮಗ ನನ್ನ ಮುಖ ನೋಡಿದ. ಎರಡು ತಿಂಗಳಿಂದ ಸ್ಕೂಲಲ್ಲಿ ಹೇಳಿಕೊಂಡು ಓಡಾಡಿದ್ದ ಪಾಪ. ಅವನ ಕಣ್ಣು ತುಂಬಿತು, ನನ್ನ ತಲೆ ಕೆಟ್ಟಿತು. ದುಡ್ಡು ಕೊಟ್ಟಿಲ್ವಾ ನಾವು ಅಂದೆ. ನಾನಿರ್ತೀನಿ, ನನ್ನ ಜವಾಬ್ದಾರಿ ಅಂದೆ. ನಿಮ್ಮ ಓನರ್ ನಂಬರ್ ಕೊಡು ಅಂದೆ. ಕೊನೆಗೆ, ಬಾಯಿಂದ ಬರಬಾರದ ಮಾತು, ಅದೂ ಬಂತು: ನಾನು ಯಾರು ಅಂತ ಗೊತ್ತಾ ನಿನಗೆ?

ಇದೇ ಮಾತನ್ನು ಶಾಸಕರ ಮಗ ಟೋಲ್‌ನಲ್ಲಿ ಹೇಳಿದ್ದರೆ ಇದೇ ಕುರ್ಚಿಯಲ್ಲಿ ಕೂತು ಒಂದು ಗಂಟೆ ಕಾರ್ಯಕ್ರಮ ಮಾಡ್ತಿದ್ದೆ. ಮಾಡಿದ್ದೀನಿ ಕೂಡ.

ಹುಡುಗ ಸಿಟ್ಟಾಗಲಿಲ್ಲ. ‘ಗೊತ್ತದ್ರೀ ಸರ. ಮನ್ಯಾಗ ನಮ್ಮವ್ವ ದಿನಾ ನಿಮ್ಮನ್ನ ನೋಡ್ತಾಳ. ಆದ್ರ ಆಗೂದಿಲ್ಲ’ ಅಂದ. ಅಷ್ಟೇ. ಮಗ ದಡದಲ್ಲಿ ತಾಯಿಯ ಜೊತೆ ಉಳಿದ. ನಾವು ಉಳಿದವರು ಪ್ಯಾಡಲ್ ಹಿಡಿದು ಇಳಿದ್ವಿ.

ಇಳಿಯೋಕೆ ಮುಂಚೆ ಹುಡುಗ ಪಾಠ ಮಾಡಿದ. ಪ್ಯಾಡಲ್‌ನ ತುದಿಯ ಹಿಡಿಯನ್ನು ಕೈ ಬಿಡಬಾರದು, ಬಿಟ್ಟರೆ ಪಕ್ಕದವರ ಹಲ್ಲು ಹೋಗುತ್ತೆ. ಫಾರ್ವರ್ಡ್ ಅಂದ್ರೆ ಎಲ್ಲರೂ ಮುಂದಕ್ಕೆ, ಸ್ಟಾಪ್ ಅಂದ್ರೆ ಎಲ್ಲರೂ ಸುಮ್ಮನೆ, ಗೆಟ್ ಡೌನ್ ಅಂದ್ರೆ ದೋಣಿಯ ಒಳಗೆ ಕುಕ್ಕರುಗಾಲಲ್ಲಿ ಕೂತು ಹಗ್ಗ ಹಿಡಿಯೋದು. ನೀರಿಗೆ ಬಿದ್ದರೆ ಈಜೋ ಪೌರುಷ ಬೇಡ. ಅಂಗಾತ ಮಲಗಿ, ಕಾಲು ನೀರು ಹರಿಯೋ ಕಡೆಗೆ ಚಾಚಿ, ಹೆಬ್ಬೆರಳು ನೀರಿನ ಮೇಲೆ ಕಾಣಬೇಕು. ಮುಖ್ಯ ಮಾತು ಏನಪ್ಪಾ ಅಂದ್ರೆ, ಓಡೋ ನೀರಿನಲ್ಲಿ ಎದ್ದು ನಿಲ್ಲಬಾರದು. ಸೊಂಟದವರೆಗೆ ಮಾತ್ರ ಇದ್ದರೂ ನಿಲ್ಲಬಾರದು.

ನಾನು ಕೇಳಿದ್ನಾ? ಇಲ್ಲ. ಸಿಟ್ಟಲ್ಲಿದ್ದೆ. ವಿಮಾನದಲ್ಲಿ ಗಗನಸಖಿ ಬೆಲ್ಟು ತೋರಿಸುವಾಗ ನಾವೆಲ್ಲ ಮೊಬೈಲ್ ನೋಡ್ತೀವಲ್ಲ, ಹಾಗೆ ಆಕಾಶ ನೋಡ್ತಾ ನಿಂತಿದ್ದೆ.

ಮೊದಲ ಒಂದೆರಡು ಇಳಿಜಾರು ಸೊಗಸಾಗಿದ್ದವು. ಆ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳಲ್ಲ. ಎರಡೂ ಕಡೆ ದಟ್ಟ ಕಾಡು, ನೀರು ತಣ್ಣಗೆ, ದೋಣಿ ಅಲೆಯ ಮೇಲೆ ಎದ್ದು ಬಿದ್ದಾಗ ನನ್ನ ಮಗಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಹೋಗಬೇಡಿ ಅಂತ ಹೇಳೋಕೆ ನಾನು ಈ ಮಾತಾಡ್ತಿಲ್ಲ. ಹೋಗಿ. ನಮ್ಮ ರಾಜ್ಯದಲ್ಲಿ ಇಂಥ ನದಿ ಇದೆ, ನೋಡಬೇಕು.

ಮುಂದಿನ ಇಳಿಜಾರಿನಲ್ಲಿ ಹುಡುಗ ಗೆಟ್ ಡೌನ್ ಅಂತ ಕೂಗಿದ. ಎಲ್ಲರೂ ಕೂತರು. ನಾನು ಭಾವಮೈದುನನ ಕಡೆ ತಿರುಗಿ ಏನೋ ಹೇಳ್ತಿದ್ದೆ. ದೋಣಿ ಬಂಡೆಗೆ ತಾಗಿ ಒಂದು ಕಡೆ ಎದ್ದಿತು. ಮುಂದಿನದು ನನಗೆ ಗೊತ್ತಿರೋದು ಇಷ್ಟೇ: ಕಿವಿಯ ತುಂಬಾ ಸದ್ದು, ಬಾಯಿ ತುಂಬಾ ನೀರು, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಿಲ್ಲ. ಜಾಕೆಟ್ ನನ್ನನ್ನು ಎತ್ತಿತು. ಕಾಲಿಗೆ ಕಲ್ಲು ಸಿಕ್ಕಿತು. ಸಹಜ ಬುದ್ಧಿ ಏನು ಹೇಳುತ್ತೆ? ನಿಲ್ಲು ಅನ್ನುತ್ತೆ. ನಿಲ್ಲೋಕೆ ಹೋದೆ.

‘ನಿಲ್ಲಬ್ಯಾಡ್ರೀ! ಕಾಲು ಮ್ಯಾಲೆ!’

ಆ ದನಿಗೆ ಕಾಲು ತಾನಾಗಿ ಎದ್ದಿತು. ಒಂದು ಹಗ್ಗ ಬಂದು ಎದೆಯ ಮೇಲೆ ಬಿತ್ತು, ಹಿಡಿದೆ. ಭುಜದ ಪಟ್ಟಿ ಹಿಡಿದು ಚೀಲ ಎಳೆದ ಹಾಗೆ ನನ್ನನ್ನು ದೋಣಿಯೊಳಗೆ ಎಳೆದು ಹಾಕಿದ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ಯಾಕೆ ನಿಲ್ಲಬಾರದು ಅಂತ ಆಮೇಲೆ ವಿವರಿಸಿದ. ಕೆಳಗೆ ಕಲ್ಲುಗಳ ನಡುವೆ ಸಂದು ಇರುತ್ತೆ. ನಿಂತವನ ಪಾದ ಆ ಸಂದಿಯಲ್ಲಿ ಸಿಕ್ಕಿಕೊಂಡರೆ, ಹಿಂದಿನಿಂದ ಬರೋ ನೀರು ಅವನನ್ನು ಮುಂದಕ್ಕೆ ಮಗುಚಿ ಹಾಕುತ್ತೆ. ಕಾಲು ಬರಲ್ಲ, ತಲೆ ಏಳಲ್ಲ. ಜಾಕೆಟ್ ಇದ್ದರೂ ಅಷ್ಟೇ, ಎದೆಮಟ್ಟ ನೀರು ಕೂಡ ಬೇಕಾಗಿಲ್ಲ.

ದೋಣಿಯಲ್ಲಿ ಕೂತು ಕೆಮ್ಮುತ್ತಾ ನನಗೆ ಬಂದ ಯೋಚನೆ ಒಂದೇ. ಆ ಜಾಕೆಟ್ ನನ್ನ ಮಗನ ಕಿವಿ ದಾಟಿ ಮೇಲೆ ಬಂದಿತ್ತು. ಇಲ್ಲಿ ಬಿದ್ದವನು ಅವನಾಗಿದ್ದರೆ? ಜಾಕೆಟ್ ಮೇಲೆ ತೇಲ್ತಿತ್ತು. ಮಗ? ಆ ಹುಡುಗ ಆಗೂದಿಲ್ಲ ಅಂದಿದ್ದು ಯಾವ ಕಾರಣಕ್ಕೆ ಅಂತ ನನ್ನ ಕಣ್ಣೆದುರೇ ತೋರಿಸಿದ್ದ. ನಾನು ಅದನ್ನು ಅವಮಾನ ಅಂದುಕೊಂಡಿದ್ದೆ.

ದಡಕ್ಕೆ ಬಂದ ಮೇಲೆ ಅವನ ಕೈ ಹಿಡಿದು ತಪ್ಪಾಯ್ತಪ್ಪಾ ಅಂದೆ. ಜೇಬಿಗೆ ಕೈ ಹಾಕಿದೆ. ಅವನು ಬೇಡ ಅನ್ನಲಿಲ್ಲ, ತಗೊಂಡ. ಆಮೇಲೆ ಹೇಳಿದ: ‘ಸರ, ನಿಮ್ಮ ಟೀವ್ಯಾಗ ಒಂದ್ ಮಾತು ಹೇಳ್ರಿ. ಆಗೂದಿಲ್ಲ ಅಂದ್ರ ಗಿರಾಕಿ ಎದ್ದು ಬ್ಯಾರೆ ಕಡೆ ಹೋಗ್ತಾರ. ಅಲ್ಲಿ ಆಗ್ತದ ಅಂತಾರ. ಆಗೂದಿಲ್ಲ ಅನ್ನಾವನೂ ಬದುಕಬೇಕಲ್ರೀ?’

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಚಹಾ ಅಂಗಡಿ ಹತ್ತಿರ ಎಲ್ಲದಕ್ಕೂ ‘ಆಗುತ್ತೆ’ ಅಂದವನ ಕಡೆಗೇ ನನ್ನ ಮನಸ್ಸು ಹೋಗಿತ್ತು.

ಸ್ವಲ್ಪ ಯೋಚನೆ ಮಾಡಿ ವೀಕ್ಷಕರೇ. 2023ರ ಮೇ ತಿಂಗಳು, ಕೇರಳದ ತಾನೂರು. ಸಂಜೆಯ ದೋಣಿ ವಿಹಾರ, ಹಿಡಿಸಲಾರದಷ್ಟು ಜನ, 22 ಸಾವು. 2024ರ ಜನವರಿ, ವಡೋದರದ ಹರಣಿ ಕೆರೆ. ಶಾಲೆಯ ಪ್ರವಾಸ. 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಅಲ್ಲೂ ಜನ ಹೆಚ್ಚು, ಎಷ್ಟೋ ಮಕ್ಕಳಿಗೆ ಜಾಕೆಟ್ ಇರಲಿಲ್ಲ. ಎರಡೂ ಸುದ್ದಿಯನ್ನು ನಾವು ಕೆಂಪು ಪಟ್ಟಿ ಹಾಕಿ ದಿನವಿಡೀ ತೋರಿಸಿದ್ವಿ. ಮೂರನೇ ದಿನ ಬೇರೆ ಸುದ್ದಿ ಬಂತು. ಎರಡೂ ಕಡೆ, ದಡ ಬಿಡೋ ಮುಂಚೆ ಯಾರಾದರೂ ಒಬ್ಬರು ಗಟ್ಟಿಯಾಗಿ ‘ಆಗಲ್ಲ, ಇಳೀರಿ’ ಅನ್ನಬೇಕಿತ್ತು. ಯಾರೂ ಅನ್ನಲಿಲ್ಲ, ಅಥವಾ ಅಂದಿದ್ದನ್ನು ಯಾರೂ ಕೇಳಲಿಲ್ಲ.

ಸರ್ಕಾರದ ಜವಾಬ್ದಾರಿ ಇಲ್ವಾ? ಖಂಡಿತ ಇದೆ. 2018ರ ಜೂನ್‌ನಲ್ಲಿ ಉತ್ತರಾಖಂಡ ಹೈಕೋರ್ಟ್, ಸರಿಯಾದ ನೀತಿ ಮಾಡೋವರೆಗೆ ರಾಫ್ಟಿಂಗ್ ನಿಲ್ಲಿಸಿ ಅಂತ ಆ ರಾಜ್ಯಕ್ಕೆ ಆದೇಶ ಕೊಟ್ಟಿತ್ತು. ಋಷಿಕೇಶದಲ್ಲಿ ಮಳೆಗಾಲದಲ್ಲಿ ಗಂಗೆಯ ರಾಫ್ಟಿಂಗ್ ಬಂದ್ ಆಗುತ್ತೆ, ಸೆಪ್ಟೆಂಬರ್‌ನಲ್ಲಿ ಮತ್ತೆ ಶುರು. ನಮ್ಮಲ್ಲೂ ಅಧಿಕಾರಿಗಳು ನದಿ ದಂಡೆಗೆ ಬಂದು ಜಾಕೆಟ್ ಎಳೆದು ನೋಡಬೇಕು, ದೋಣಿಯಲ್ಲಿ ತಲೆ ಎಣಿಸಬೇಕು. ದುರಂತ ಆದ ಮೇಲೆ ಅಲ್ಲ, ಸೀಸನ್ ಶುರುವಾಗೋ ಮುಂಚೆ. ಇದನ್ನು ಕೇಳೋದು ನನ್ನ ಕೆಲಸ, ಕೇಳ್ತೀನಿ.

ನಿಮ್ಮ ಕೆಲಸ ಏನು? ರಜೆಗೆ ಹೋದಾಗ ರೇಟು ಎಷ್ಟು ಅಂತ ಕೇಳೋ ಮೊದಲು ಇಷ್ಟು ಕೇಳಿ. ಒಂದು ದೋಣಿಗೆ ಎಷ್ಟು ಜನ? ಎಷ್ಟು ವಯಸ್ಸಿನ ಮಕ್ಕಳನ್ನು ಬಿಡ್ತೀರಿ? ಗೈಡ್‌ಗೆ ತರಬೇತಿ ಆಗಿದೆಯಾ, ಪ್ರಮಾಣಪತ್ರ ಎಲ್ಲಿ? ಎಸೆಯೋ ಹಗ್ಗ ದೋಣಿಯಲ್ಲಿ ಇದೆಯಾ? ಹೆಲ್ಮೆಟ್ ಕೊಡ್ತೀರಾ? ಇವತ್ತು ನೀರು ಹೇಗಿದೆ? ನದಿಯ ಇಳಿಜಾರುಗಳಿಗೆ 1ರಿಂದ 6ರವರೆಗೆ ದರ್ಜೆ ಇದೆ. 1 ಅಂದ್ರೆ ಸಣ್ಣ ಅಲೆ, 6 ಅಂದ್ರೆ ಪಳಗಿದವರಿಗೂ ಪ್ರಾಣದ ಪ್ರಶ್ನೆ. ನೀವು ಇಳಿಯೋದು ಎಷ್ಟನೇ ದರ್ಜೆಗೆ ಅಂತ ಕೇಳಿ. ಎಲ್ಲದಕ್ಕೂ ನಗುತ್ತಾ ‘ಆಗುತ್ತೆ ಸಾರ್’ ಅನ್ನೋನು ಸಿಕ್ಕಿದರೆ ಚಹಾ ಕುಡಿದು ಎದ್ದು ಬನ್ನಿ.

ನಮ್ಮ ಹಿಂದಿನವರು ಹೊಳೆ ದಾಟುವಾಗ ಅಂಬಿಗನ ಮಾತು ಕೇಳ್ತಿದ್ದರು. ಊರ ಗೌಡನಾದರೂ ಹರಿಗೋಲು ಹತ್ತಿದ ಮೇಲೆ ಅವನು ಕೂರು ಅಂದ ಕಡೆ ಕೂರಬೇಕಿತ್ತು. ಹನ್ನೆರಡನೇ ಶತಮಾನದಲ್ಲಿ ದೋಣಿ ನಡೆಸೋ ಕಾಯಕದ ಚೌಡಯ್ಯ ಆ ಕಾಯಕವನ್ನೇ ಹೆಸರಿನಲ್ಲಿ ಇಟ್ಟುಕೊಂಡು ಅಂಬಿಗರ ಚೌಡಯ್ಯ ಆದ. ದಾಸರು ದೇವರನ್ನೇ ಅಂಬಿಗ ಅಂತ ಕರೆದರು. ನಾವು ಆನ್‌ಲೈನಲ್ಲಿ ದುಡ್ಡು ಕಟ್ಟಿದ ಕೂಡಲೇ ಅಂಬಿಗನನ್ನು ಆಳು ಅಂದುಕೊಂಡುಬಿಟ್ಟಿದ್ದೀವಿ.

ಮಗ ವಾಪಸ್ ಬರುವಾಗ ಕಾರಿನಲ್ಲಿ ಮಾತೇ ಆಡಲಿಲ್ಲ. ಹುಬ್ಬಳ್ಳಿ ದಾಟಿದ ಮೇಲೆ ಕೇಳಿದ: ‘ಅಪ್ಪಾ, ನಿನಗೆ ಭಯ ಆಯ್ತಾ?’ ಆಯ್ತು ಅಂದೆ. ಅವನು ಬೆರಳು ಎಣಿಸಿ ಹೇಳಿದ, ಇನ್ನು ಮೂರು ವರ್ಷ. ಹೌದು, ಮೂರು ವರ್ಷ ಆದ ಮೇಲೆ ಮತ್ತೆ ಗಣೇಶಗುಡಿಗೆ ಹೋಗ್ತೀವಿ. ಅದೇ ಹುಡುಗನ ಹತ್ತಿರ. ಅಲ್ಲಿಯವರೆಗೆ ‘ಆಗೂದಿಲ್ಲ’ ಅನ್ನೋ ಅವನ ಹೊಟ್ಟೆಪಾಡು ನಡೀಬೇಕು. ಅದು ನಮ್ಮ ನಿಮ್ಮಂಥ ಗಿರಾಕಿಗಳ ಕೈಯಲ್ಲಿದೆ.