ಅಟ್ಟದ ಕಾಯಿ ಮತ್ತು ಕೆಲಸದ ಸುಖ



ಅಡಿಕೆ ಸುಲಿಯುವ ರಾತ್ರಿಗಳ ನೆನಪು ಮಲೆನಾಡಿನ ಹಿರಿಯರಲ್ಲಿ ಇನ್ನೂ ಹಸಿರಾಗಿದೆ. ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು, ನಡುವೆ ಒಂದು ದೀಪ, ನೆರೆಮನೆಯವರ ಹರಟೆ, ಕಥೆ, ನಡುರಾತ್ರಿಯ ಕಾಫಿ. ಕೆಲಸ ಭಾರವಾಗಿಯೇ ಇತ್ತು. ಆದರೂ ಅದನ್ನು ಹೇಳುವಾಗ ಅವರ ಮುಖ ಅರಳುತ್ತದೆ. ಈಗ ಅನೇಕ ಕಡೆ ಯಂತ್ರವೇ ಅಡಿಕೆ ಸುಲಿಯುತ್ತದೆ. ಬೆನ್ನುನೋವು ತಪ್ಪಿದ್ದು ಒಳ್ಳೆಯದೇ. ಆದರೆ ಬೆನ್ನುನೋವಿನ ಜೊತೆಗೇ ಹೊರಟುಹೋದದ್ದು ಇನ್ನೇನು? ಮಲೆನಾಡು ದಾಟಿ ಮೂಡಣಕ್ಕೆ ಹೋದರೆ ಸಿಗುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯೂ ಇದೇ ಪ್ರಶ್ನೆಯ ಎದುರು ನಿಂತಿದೆ.

ಆ ಸೀಮೆಯ ಹೆಗ್ಗಳಿಕೆ ಉಂಡೆ ಕೊಬ್ಬರಿ. ‘ತಿಪಟೂರು ಟಾಲ್’ ಎಂಬ ಎತ್ತರದ ತಳಿಯ ಬಲಿತ ಕಾಯನ್ನು ಕೆಡವಿ, ಮಟ್ಟೆ ಬಿಡಿಸದೆ ಅಟ್ಟಕ್ಕೆ ಏರಿಸುತ್ತಾರೆ. ಅಲ್ಲಿ ಅದು 8ರಿಂದ 12 ತಿಂಗಳು ಕೂರುತ್ತದೆ. ಒಳಗಿನ ನೀರು ಮೆಲ್ಲಗೆ ಆರುತ್ತದೆ, ತಿರುಳು ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಉಂಡೆ ಗಡಗಡ ಎಂದರೆ ಕೊಬ್ಬರಿ ಸಿದ್ಧ. ಮಲೆನಾಡಿನ ತೇವದಲ್ಲಿ ಈ ವಿದ್ಯೆ ನಡೆಯದು. ಕಾಯಿ ಕೊಳೆಯುತ್ತದೆ, ಇಲ್ಲವೇ ಮೊಳೆಯುತ್ತದೆ. ಮಳೆ ಕಡಿಮೆಯಾದ, ಗಾಳಿ ಒಣಗಿದ ನಾಡು ತನ್ನ ಕೊರತೆಯನ್ನೇ ಕಸುಬಾಗಿಸಿಕೊಂಡ ಬಗೆ ಇದು.

ಈ ಕಾಯುವಿಕೆ ಬರಿಯ ವ್ಯಾಪಾರವಾಗಿರಲಿಲ್ಲ. ಅಟ್ಟದ ಒಂದು ಮೂಲೆ ಮಾರುಕಟ್ಟೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಮಗಳ ಮಡಿಲು ತುಂಬಲು ಕೊಬ್ಬರಿ ಬಟ್ಟಲು, ಬಾಣಂತಿಗೆ ಕೊಬ್ಬರಿ ಬೆಲ್ಲ, ಸಂಕ್ರಾಂತಿಯ ಎಳ್ಳಿಗೆ ಬೆರೆಸುವ ಚೂರು, ಹಬ್ಬಕ್ಕೆ ಬರುವ ನೆಂಟರಿಗೆ ಒಂದು ಗಂಟು. ಅಟ್ಟ ಹತ್ತಿ ಕಾಯಿ ಆರಿಸುವ ಅತ್ತೆಗೆ ಯಾರ ಮನೆಯಲ್ಲಿ ಯಾವ ತಿಂಗಳು ಹೆರಿಗೆ ಎಂಬುದು ಗೊತ್ತಿರುತ್ತಿತ್ತು. ದುಡಿದ ಕೈಗೆ ತನ್ನ ದುಡಿಮೆ ಯಾರ ಬಾಯಿಗೆ ಹೋಗುತ್ತದೆ ಎಂದು ಕಾಣುತ್ತಿತ್ತು. ಕೆಲಸದ ಸುಖವೆನ್ನುವುದರ ಬಹುಪಾಲು ಇದೇ ಇರಬೇಕು. ಕಾಯಕದ ಮಗ್ಗುಲಲ್ಲೇ ದಾಸೋಹವನ್ನು ಇಟ್ಟ ಹನ್ನೆರಡನೆಯ ಶತಮಾನದ ಶರಣರು ಇದನ್ನು ಚೆನ್ನಾಗಿ ಬಲ್ಲವರು.

ತೋಟದ ಹೊರಗೆ, ರಾಗಿಯ ಹೊಲದಲ್ಲಿ, ಅದು ಮುಯ್ಯಿಯ ರೂಪದಲ್ಲಿತ್ತು. ಇಂದು ನಿಮ್ಮ ಹೊಲದ ಕಳೆ, ನಾಳೆ ನಮ್ಮದು. ಹಣದ ಮಾತಿಲ್ಲ, ಒಂದು ದಿನಕ್ಕೆ ಒಂದು ದಿನ. ಬಲವಾದ ತೋಳಿಗೂ ಬಳಲಿದ ತೋಳಿಗೂ ಬೆಲೆ ಒಂದೇ. ಮುನಿಸಿಕೊಂಡ ಎರಡು ಮನೆಗಳು ಮುಯ್ಯಿ ತೀರಿಸಲೆಂದಾದರೂ ಒಂದೇ ಸಾಲಿನಲ್ಲಿ ಬಗ್ಗಬೇಕಾಗುತ್ತಿತ್ತು, ಬಗ್ಗಿದ ಮೇಲೆ ಮಾತು ತಾನಾಗಿ ಬರುತ್ತಿತ್ತು.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದು ತರವಲ್ಲ. ಮುಯ್ಯಿ ನೆಲವಿದ್ದವರ ನಡುವಿನ ಏರ್ಪಾಡು. ನೆಲವಿಲ್ಲದವನು ದುಡಿದ ದಿನವನ್ನು ಮರಳಿ ಪಡೆಯಲು ಹೊಲವೆಲ್ಲಿತ್ತು? ಕೊಬ್ಬರಿಯ ಚಿಪ್ಪು ಒಡೆಯುವ ಹೆಂಗಸರನ್ನೇ ನೋಡಬಹುದು. ಉಂಡೆಗೆ ಪೆಟ್ಟು ತಗಲದಂತೆ, ಚಿಪ್ಪು ಮಾತ್ರ ಕಳಚುವಂತೆ ಕತ್ತಿ ಆಡಿಸುವುದು ಸಣ್ಣ ಕಲೆಯಲ್ಲ. ಉಂಡೆ ಒಡೆದರೆ ಬೆಲೆ ಇಳಿಯುತ್ತದೆ. ಆ ಕೈಚಳಕಕ್ಕೆ ಸಂದ ಗೌರವ ಬಹಳ ಕಡಿಮೆ. ‘ಅವರು ನಗುನಗುತ್ತ ಕೆಲಸ ಮಾಡುತ್ತಾರೆ’ ಎಂದು ಮೆಚ್ಚಿಕೊಂಡು ಕೂಲಿಯ ವಿಷಯ ಮರೆಯುವವರೂ ಇದ್ದಾರೆ. ನಗು ಅವರದು, ಅದನ್ನು ಕೂಲಿಯಲ್ಲಿ ಮುರಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಬೆಲೆಯ ಮಾತನ್ನೂ ಬಿಡುವಂತಿಲ್ಲ. 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಸಾರಿತ್ತು. ತಿಪಟೂರಿನ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು, ರೈತರು ಬೀದಿಗಿಳಿದರು. 2025ರಲ್ಲಿ ಅದೇ ದರ 20,000 ರೂಪಾಯಿಯನ್ನು ದಾಟಿತು. ಬೆಲೆ ಏರಿದಾಗ ಎಲ್ಲ ಅಟ್ಟಗಳೂ ತುಂಬಿರಲಿಲ್ಲ. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಎಳನೀರೋ ಹಸಿಕಾಯೋ ಮರದಲ್ಲಿರುವಾಗಲೇ ವ್ಯಾಪಾರಿಗೆ ಹೋಗುತ್ತದೆ. ಅವನದೇ ಆಳು, ಅವನದೇ ಗಾಡಿ. ಬೆಳೆದವನು ಹಣ ಎಣಿಸಿಕೊಂಡರೆ ಆಯಿತು. ವಯಸ್ಸಾದ ದಂಪತಿಗಳಿಗೆ ಬೇರೆ ದಾರಿಯಿಲ್ಲ, ಅವರನ್ನು ದೂರುವುದು ಅನ್ಯಾಯ. ಆದರೆ ತೋಟದೊಡನೆ ಉಳಿದ ನಂಟು ದರವೊಂದೇ ಆದಾಗ, ದರ ಬಿದ್ದ ದಿನ ಹಿಡಿದುಕೊಳ್ಳಲು ಬೇರೇನೂ ಇರುವುದಿಲ್ಲ. ಅಟ್ಟ, ಮುಯ್ಯಿ, ನೆಂಟರ ಗಂಟು ಸಾಲವನ್ನು ತೀರಿಸುತ್ತಿರಲಿಲ್ಲ. ಸಾಲಗಾರನನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ, ಅಷ್ಟೆ.

ಮಲೆನಾಡಿನಲ್ಲಿ ಯಂತ್ರವನ್ನು ಮರಳಿಸಬೇಕೆಂದು ಯಾರೂ ಹೇಳಲಾರರು. ಸುಲಿಯುವುದನ್ನು ಯಂತ್ರಕ್ಕೆ ಬಿಟ್ಟು, ಸೊಪ್ಪು ಹೊರುವುದು, ಕಾಲುವೆಯ ಹೂಳೆತ್ತುವುದು, ಬೇಲಿ ಕಟ್ಟುವುದು ಮೊದಲಾದವುಗಳಿಗೆ ಮುಯ್ಯಿ ಹಿಡಿಯಲು ಅಡ್ಡಿಯಿಲ್ಲ. ತೋಟವಿಲ್ಲದ ಮನೆಯವರು ಬಂದರೆ ಅವರ ದಿನ ಅವರ ಮನೆಯ ಮಾಡಿನ ದುರಸ್ತಿಗೋ ಹಿತ್ತಲಿನ ಕೆಲಸಕ್ಕೋ ಮರಳಬೇಕು, ಅಥವಾ ಪೂರ್ಣ ಕೂಲಿಯಾಗಿ ಸಲ್ಲಬೇಕು. ವಿದ್ಯಾರ್ಥಿಗಳು ಭಾನುವಾರಗಳಲ್ಲಿ ಬರಬಹುದು. ಮೊದಲ ದಿನ ಯಾರ ಮನೆಯ ಕಾಲುವೆ ಎಂಬುದನ್ನು ಈ ಸಭೆ ಮುಗಿಯುವ ಮುನ್ನವೇ ಮಾತಾಡಿಕೊಂಡರೆ ಮಳೆಗೆ ಮುಂಚೆ ಕೆಲಸ ಆದೀತು.